ನಮ್ಮ ಪುಸ್ತಕ, ಅವರ ಕಪಾಟು

ಪುಸ್ತಕ ಕೊಂಡವನೇ ಅದರ ಒಡೆಯ ಎಂಬ ಮಾತಿನಲ್ಲಿ ಅನುಮಾನಪಡುವ ಪ್ರಸಂಗ ನಮ್ಮ ಹಿರಿಯರಿಗೆ ಬಂದಿರಲಿಲ್ಲ. ದುಡ್ಡು ಕೊಟ್ಟರೆ ಪುಸ್ತಕ ಮನೆಗೆ ಬರುತ್ತಿತ್ತು. ಅದನ್ನು ಓದಬಹುದಿತ್ತು, ಓದದೆ ಇಟ್ಟುಕೊಳ್ಳಬಹುದಿತ್ತು. ನೆರೆಮನೆಯವರಿಗೆ ಎರವಲು ಕೊಟ್ಟು ಕಳೆದುಕೊಳ್ಳಬಹುದಿತ್ತು. ಕಷ್ಟಕಾಲದಲ್ಲಿ ಹಳೆ ಪುಸ್ತಕದ ಅಂಗಡಿಗೆ ಮಾರಬಹುದಿತ್ತು. ಕಣ್ಣು ಮುಚ್ಚುವಾಗ ಮಕ್ಕಳಿಗೆ ಬಿಟ್ಟುಹೋಗಬಹುದಿತ್ತು. ಮಾರಿದ ಅಂಗಡಿಯವನೇ ಒಂದು ರಾತ್ರಿ ಮನೆಯೊಳಗೆ ನುಗ್ಗಿ ಪುಸ್ತಕವನ್ನು ವಾಪಸು ಒಯ್ದಾನು ಎಂದು ಯಾರೂ ಹೆದರಿರಲಿಲ್ಲ. ಇ-ಪುಸ್ತಕ ಬಂದ ಮೇಲೆ ಈ ಹಕ್ಕುಗಳೆಲ್ಲ ಒಂದೊಂದಾಗಿ ನಮ್ಮ ಕೈ ಜಾರಿವೆ. ಜಾರಿದ್ದು ನಮ್ಮ ಗಮನಕ್ಕೂ ಬಂದಿಲ್ಲ ಎಂಬುದು ಇನ್ನೂ ಕಳವಳದ ಸಂಗತಿ.

ಅಂಗಡಿಯವನು ರಾತ್ರಿ ಬಂದು ಒಯ್ಯುವ ಮಾತು ಉತ್ಪ್ರೇಕ್ಷೆಯದಲ್ಲ. 2009ರ ಜುಲೈ ತಿಂಗಳಲ್ಲಿ ಅಮೆಜಾನ್ ಕಂಪನಿ ತಾನೇ ಮಾರಿದ್ದ ಎರಡು ಪುಸ್ತಕಗಳನ್ನು ಗಿರಾಕಿಗಳ ಕಿಂಡಲ್‌ಗಳಿಂದ ದೂರದಲ್ಲಿ ಕುಳಿತೇ ಅಳಿಸಿಹಾಕಿತು. ಅವು ಜಾರ್ಜ್ ಆರ್ವೆಲ್‌ರ ‘1984’ ಮತ್ತು ‘ಅನಿಮಲ್ ಫಾರ್ಮ್’. ಪ್ರಭುತ್ವವು ಹಳೆಯ ಕಾಗದಪತ್ರಗಳನ್ನು ಸುಟ್ಟು ಜನರ ನೆನಪನ್ನೇ ತಿದ್ದುವುದನ್ನು ಬರೆದ ಲೇಖಕನ ಪುಸ್ತಕಕ್ಕೇ ಈ ಗತಿ! ಆ ಆವೃತ್ತಿಯನ್ನು ಮಾರಾಟಕ್ಕಿಟ್ಟವರಿಗೆ ಅಮೆರಿಕದಲ್ಲಿ ಅದರ ಹಕ್ಕಿರಲಿಲ್ಲ ಎಂಬುದು ಕಂಪನಿಯ ಸಮಜಾಯಿಷಿ. ಹಣ ವಾಪಸಾಯಿತು. ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಆದರೆ ಪ್ರಶ್ನೆ ಹಣದ್ದೂ ಅಲ್ಲ, ಕ್ಷಮೆಯದೂ ಅಲ್ಲ. ಒಂದು ಗುಂಡಿ ಒತ್ತಿದರೆ ನಮ್ಮ ಕಪಾಟಿನಿಂದ ಪುಸ್ತಕ ಮಾಯವಾಗುವ ಹಾಗಿದ್ದರೆ ಆ ಕಪಾಟು ಯಾರದು?

ಹತ್ತು ವರ್ಷಗಳ ನಂತರ, 2019ರ ಏಪ್ರಿಲ್‌ನಲ್ಲಿ, ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿಗೆ ಬೀಗ ಹಾಕಿತು. ಜುಲೈ ಹೊತ್ತಿಗೆ ಅಲ್ಲಿ ಕೊಂಡ ಪುಸ್ತಕಗಳು ಕೊಂಡವರಿಗೂ ತೆರೆಯದಂತಾದವು. ಅಲ್ಲಿಯೂ ಹಣ ವಾಪಸಾಯಿತು. ಅಂಗಡಿ ಮುಚ್ಚಿದರೆ ಕೊಂಡ ಅಕ್ಕಿಯನ್ನು ಡಬ್ಬಿಯಿಂದ ತೆಗೆದುಕೊಂಡು ಹೋಗುವ ವ್ಯಾಪಾರಿಯನ್ನು ನಾವು ಏನೆನ್ನುತ್ತೇವೆ? 2025ರ ಫೆಬ್ರವರಿ 26ರಿಂದ ಅಮೆಜಾನ್ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಕೊಂಡ ಪುಸ್ತಕದ ಕಡತವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತಂತಿಯ ಮೂಲಕ ಕಿಂಡಲ್‌ಗೆ ಹಾಕುವ ಸೌಲಭ್ಯವನ್ನು ತೆಗೆದುಹಾಕಿತು. ಅದೇ ವರ್ಷದ ಜನವರಿ 1ರಿಂದ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಹೊಸ ಕಾಯಿದೆಯೊಂದು ಜಾರಿಗೆ ಬಂತು. ಕೇವಲ ಪರವಾನಗಿ ಮಾರುವವರು ಅದನ್ನು ಗಿರಾಕಿಗೆ ಸ್ಪಷ್ಟವಾಗಿ ತಿಳಿಸದೆ ‘ಖರೀದಿಸಿ’ ಎಂದು ಬರೆಯುವಂತಿಲ್ಲ ಎನ್ನುತ್ತದೆ ಈ ಕಾಯಿದೆ. ಅಂದರೆ ಇಷ್ಟು ವರ್ಷ ನಾವು ಖರೀದಿ ಎಂದು ತಿಳಿದದ್ದು ಖರೀದಿಯಾಗಿರಲಿಲ್ಲ ಎಂಬುದನ್ನು ಒಂದು ಸರಕಾರವೇ ಒಪ್ಪಿಕೊಂಡ ಹಾಗಾಯಿತು.

ಉರ್ದುವಿನಲ್ಲಿ ‘ಅಮಾನತ್’ ಎಂದರೆ ನಂಬಿಕೆಯಿಂದ ಒಪ್ಪಿಸಿದ ವಸ್ತು. ಕೇಳಿದಾಗ ಇದ್ದ ಹಾಗೆಯೇ ಮರಳಿಸಬೇಕಾದದ್ದು. ಅದೇ ಪದ ಕನ್ನಡದ ಕಚೇರಿಗಳಿಗೆ ಬಂದು ‘ಅಮಾನತು’ ಆದಾಗ ಅದರ ಅರ್ಥ ಕೆಲಸದಿಂದ ತಡೆಹಿಡಿಯುವುದು ಎಂದಾಯಿತು. ಎರಡೂ ಭಾಷೆಗಳಲ್ಲಿ ಅಕ್ಷರ ಕಲಿತ ನಮಗೆ ಕಂಪನಿಗಳ ಇ-ಪುಸ್ತಕ ವ್ಯವಹಾರವನ್ನು ಕಂಡಾಗ ಈ ಪದದ ಪ್ರಯಾಣವೇ ನೆನಪಾಗುತ್ತದೆ. ನಾವು ಉರ್ದುವಿನ ಅರ್ಥದಲ್ಲಿ ಪುಸ್ತಕಗಳನ್ನು ಅವರ ಬಳಿ ಇಟ್ಟಿದ್ದೇವೆ. ಅವರು ಕನ್ನಡದ ಅರ್ಥದಲ್ಲಿ ಇಟ್ಟುಕೊಂಡಿದ್ದಾರೆ. ಯಾವಾಗ ಬೇಕಾದರೂ ಅಮಾನತು ಮಾಡಬಹುದು.

‘ಇದೆಲ್ಲ ಇಂಗ್ಲಿಷ್ ಪುಸ್ತಕಗಳ ಕಥೆ, ಅಮೆರಿಕದ ಕಥೆ, ನಮಗೇನು?’ ಎಂದು ಕೇಳುವವರಿದ್ದಾರೆ. ಅವರಿಗೆ ಒಂದು ಸಂಗತಿಯನ್ನು ನೆನಪಿಸಬೇಕು. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ತನ್ನ ಕಿಂಡಲ್‌ನಲ್ಲಿ ಭಾರತೀಯ ಭಾಷೆಗಳ ಪುಸ್ತಕ ವಿಭಾಗವನ್ನು ತೆರೆದಾಗ ಆರಿಸಿಕೊಂಡದ್ದು ಐದು ಭಾಷೆಗಳನ್ನು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಆ ಪಟ್ಟಿಯಲ್ಲಿ ಕನ್ನಡವೂ ಇರಲಿಲ್ಲ, ಉರ್ದುವೂ ಇರಲಿಲ್ಲ. ನಾವು ಕಲಿತ ಎರಡೂ ಭಾಷೆಗಳು ಬಾಗಿಲ ಹೊರಗೆ! ಯಾವ ಭಾಷೆಯ ಪುಸ್ತಕ ಜಗತ್ತಿನ ಅತಿ ದೊಡ್ಡ ಕಪಾಟಿನಲ್ಲಿ ಇರಬೇಕು ಎಂಬುದನ್ನು ಸಿಯಾಟಲ್‌ನ ಒಂದು ಕಚೇರಿ ತೀರ್ಮಾನಿಸುತ್ತದೆ. ಈಗ ಕನ್ನಡಕ್ಕೆಂದೇ ಹುಟ್ಟಿದ ಆಪ್‌ಗಳಿವೆ. ಅವನ್ನು ಕಟ್ಟಿದವರ ಭಾಷಾಪ್ರೀತಿಯನ್ನು ನಾವು ಅನುಮಾನಿಸುವುದಿಲ್ಲ. ಆದರೆ ಅಲ್ಲಿಯೂ ಕೊಂಡ ಪುಸ್ತಕ ಸಾಮಾನ್ಯವಾಗಿ ಆಪ್‌ನ ಒಳಗೇ ಇರುತ್ತದೆ. ಆಪ್ ಮುಚ್ಚಿದ ದಿನ ಅದು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಗೆ ಅಮೆರಿಕದ ಕಂಪನಿಯ ಉತ್ತರವೇ ಇಲ್ಲಿಯೂ ಉತ್ತರ.

ಉರ್ದುವಿನ ಸ್ಥಿತಿಯೂ ಬೇರೆಯಲ್ಲ. 2013ರಲ್ಲಿ ಸಂಜೀವ್ ಸರಾಫ್ ಅವರು ಆರಂಭಿಸಿದ ರೇಖ್ತಾ ಸಂಸ್ಥೆ ಉರ್ದುವಿಗೆ ಮಾಡಿದ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಗೆದ್ದಲು ತಿನ್ನುತ್ತಿದ್ದ ಸಾವಿರಾರು ಕಿತಾಬುಗಳು, ನಿಂತುಹೋದ ಎಷ್ಟೋ ರಿಸಾಲೆಗಳು ಇಂದು ಮೊಬೈಲಿನಲ್ಲಿ ಓದಲು ಸಿಗುತ್ತಿದ್ದರೆ ಅದಕ್ಕೆ ಆ ಸಂಸ್ಥೆಯೇ ಕಾರಣ. ಆದರೆ ಅಲ್ಲಿನ ಇ-ಪುಸ್ತಕಗಳನ್ನು ಪುಟ ತಿರುವಿ ನೋಡಬಹುದೇ ಹೊರತು ಮನೆಗೆ ಇಳಿಸಿಕೊಳ್ಳುವಂತಿಲ್ಲ. ಹಕ್ಕುಸ್ವಾಮ್ಯ ಉಳಿದಿರುವ ಪುಸ್ತಕಗಳ ಮಟ್ಟಿಗೆ ಇದು ನ್ಯಾಯವೇ. ನೂರು ವರ್ಷದ ಹಿಂದೆ ತೀರಿಹೋದ ಕವಿಯ ದೀವಾನನ್ನೂ ಗಾಜಿನ ಹಿಂದೆಯೇ ಇಡುವುದು ಏಕೆ? ಗಾಜಿನ ಹಿಂದಿನ ಮಿಠಾಯಿಯನ್ನು ನೋಡಿ ಹಸಿವು ತೀರಿಸಿಕೊಳ್ಳಿ ಎಂದರೆ ಹೇಗೆ?

ಸಾರ್ವಜನಿಕ ಭಂಡಾರಗಳನ್ನಾದರೂ ನಂಬಿ ಕೂರಬಹುದೇ? 2000ದ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಎಂಬ ದೊಡ್ಡ ಕೆಲಸಕ್ಕೆ ಕೈಹಾಕಿತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಅದರ ಹಿಂದಿನ ಪ್ರೇರಣೆ. ಕನ್ನಡ, ಉರ್ದು, ಫಾರಸಿ, ಸಂಸ್ಕೃತ ಎನ್ನದೆ ಲಕ್ಷಗಟ್ಟಲೆ ಪುಸ್ತಕಗಳು ಸ್ಕ್ಯಾನ್ ಆದವು. ಶೀರ್ಷಿಕೆಗಳು ತಪ್ಪು, ಎಷ್ಟೋ ಕಡೆ ಪುಟಗಳು ನಾಪತ್ತೆ. ಆದರೂ ಅದು ಬೇರೆಲ್ಲೂ ಸಿಗದ ಭಂಡಾರವಾಗಿತ್ತು. 2017ರ ಹೊತ್ತಿಗೆ ಹಕ್ಕುಸ್ವಾಮ್ಯದ ತಕರಾರುಗಳ ನಡುವೆ ಅದರ ಜಾಲತಾಣ ಮುಚ್ಚಿತು. ಆ ಪುಸ್ತಕಗಳಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಇಂದಿಗೂ ಸಿಗುತ್ತಿರುವುದಕ್ಕೆ ಕಾರಣ, ಕಾರ್ಲ್ ಮಲಾಮುದ್ ಎಂಬ ಅಮೆರಿಕದ ಸಾರ್ವಜನಿಕ ಕಾರ್ಯಕರ್ತ ಅವುಗಳ ಪ್ರತಿಯನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಮೊದಲೇ ಇಟ್ಟಿದ್ದುದು. ಬೆಂಗಳೂರಿನಲ್ಲಿ ಹುಟ್ಟಿದ ಭಂಡಾರ ಉಳಿದದ್ದು ಬೇರೊಬ್ಬರು ಮಾಡಿಟ್ಟ ಪ್ರತಿಯಿಂದ.

ಹಾಗಾದರೆ ಇಂಟರ್‌ನೆಟ್ ಆರ್ಕೈವ್ ಭದ್ರವೇ? 2020ರಲ್ಲಿ ನಾಲ್ಕು ದೊಡ್ಡ ಪ್ರಕಾಶನ ಸಂಸ್ಥೆಗಳು ಹೂಡಿದ ಮೊಕದ್ದಮೆಯಲ್ಲಿ ಅದು ಸೋತಿತು. 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿಯೂ ಬಿತ್ತು. ಐದು ಲಕ್ಷಕ್ಕೂ ಹೆಚ್ಚು ಪುಸ್ತಕಗಳು ಎರವಲು ವಿಭಾಗದಿಂದ ಹೊರಬಿದ್ದವು. ಮರುತಿಂಗಳು, ಅಕ್ಟೋಬರ್‌ನಲ್ಲಿ, ಕಿಡಿಗೇಡಿಗಳ ದಾಳಿಗೆ ಸಿಕ್ಕಿ ಇಡೀ ತಾಣವೇ ಹಲವು ದಿನ ಮುಚ್ಚಿತ್ತು. ಆ ದಿನಗಳಲ್ಲಿ ಜಗತ್ತಿನಾದ್ಯಂತ ಸಂಶೋಧಕರು ಕೈಕಟ್ಟಿ ಕುಳಿತರು. ಆರ್ಕೈವ್ ಬೇಡ ಎಂದು ನಾವು ಹೇಳುತ್ತಿಲ್ಲ. ಅದು ನಮ್ಮ ಕಾಲದ ದೊಡ್ಡ ಗ್ರಂಥಾಲಯ. ಆದರೆ ಊರ ಕೆರೆಯಲ್ಲಿ ನೀರಿದೆ ಎಂದು ಮನೆಯಲ್ಲಿ ಕೊಡವನ್ನೇ ಇಡದ ಗೃಹಸ್ಥನನ್ನು ಯಾರೂ ಬುದ್ಧಿವಂತನೆನ್ನುವುದಿಲ್ಲ.

ಆ ಕೊಡದ ವಿಚಾರವನ್ನೇ ಹೇಳಲು ಹೊರಟಿದ್ದೇವೆ. ನಮ್ಮ ಮನೆಗಳಲ್ಲಿ ಈಗ ವೈಫೈ ಇದೆ, ಗೋಡೆಗೆ ತಗುಲಿಸಿದ ರೌಟರ್ ಇದೆ. ಆ ರೌಟರಿಗೆ ಒಂದು ತಂತಿಯಿಂದ ಜೋಡಿಸಿದ, ಒಳಗೆ ಒಂದೋ ಎರಡೋ ಹಾರ್ಡ್ ಡಿಸ್ಕ್ ಇರುವ ಸಣ್ಣ ಪೆಟ್ಟಿಗೆಗೆ ನೆಟ್‌ವರ್ಕ್ ಡ್ರೈವ್ ಎನ್ನುತ್ತಾರೆ. ಮನೆಯ ಯಾವ ಮೊಬೈಲಿನಿಂದಲೂ, ಯಾವ ಕಂಪ್ಯೂಟರಿನಿಂದಲೂ ಅದರಲ್ಲಿರುವ ಕಡತಗಳನ್ನು ತೆರೆಯಬಹುದು. ಹೊರಗಿನ ಇಂಟರ್‌ನೆಟ್ ಕಡಿದುಹೋದರೂ ಅದು ಕೆಲಸ ಮಾಡುತ್ತದೆ. ಹೊಸ ಪೆಟ್ಟಿಗೆಯೇ ಬೇಕೆಂದಿಲ್ಲ. ಅಟ್ಟದ ಮೇಲೆ ಬಿದ್ದಿರುವ ಹಳೆಯ ಲ್ಯಾಪ್‌ಟಾಪಿಗೆ ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿದರೂ ಇದೇ ಕೆಲಸ ಆಗುತ್ತದೆ. ಇಪ್ಪತ್ತು ವ್ಯಾಟ್ ಬಳಸುವ ಪೆಟ್ಟಿಗೆಯನ್ನು ಹಗಲೂ ರಾತ್ರಿ ಚಾಲೂ ಇಟ್ಟರೂ ತಿಂಗಳಿಗೆ ಹದಿನಾಲ್ಕು ಯೂನಿಟ್ ಕರೆಂಟು ಸಾಕು. ಜಾಗದ ಲೆಕ್ಕವೂ ಸರಳ. ಅಕ್ಷರ ರೂಪದ ಕಾದಂಬರಿಯೊಂದು ಸುಮಾರು ಒಂದು ಎಂಬಿ. ಪುಟಗಳ ಚಿತ್ರ ತೆಗೆದ ಪಿಡಿಎಫ್ ಆದರೆ ಐವತ್ತು ಎಂಬಿ ಎಂದು ಹಿಡಿಯಿರಿ. ಒಂದು ಟೆರಾಬೈಟ್ ಡಿಸ್ಕಿನಲ್ಲಿ ಅಂಥ ಸ್ಕ್ಯಾನ್ ಪುಸ್ತಕಗಳೇ ಇಪ್ಪತ್ತು ಸಾವಿರ ಹಿಡಿಸುತ್ತವೆ. ತಾಲೂಕು ಕೇಂದ್ರದ ಎಷ್ಟೋ ಗ್ರಂಥಾಲಯಗಳ ಕಪಾಟುಗಳನ್ನು ಬರಿದು ಮಾಡಿದರೂ ಅಷ್ಟು ಓದತಕ್ಕ ಪುಸ್ತಕ ಸಿಕ್ಕುವುದಿಲ್ಲ.

‘ಎಲ್ಲ ಮೊಬೈಲಿನಲ್ಲೇ ಇದೆಯಲ್ಲ ಮಾಮೂ, ಇದೆಲ್ಲ ಯಾಕೆ?’ ಎಂದು ನಮ್ಮ ಅಕ್ಕನ ಮಗ ಕೇಳಿದ. ಯಾರ ಮೊಬೈಲಿನಲ್ಲಿ ಎಂದು ನಾವು ಕೇಳಬೇಕಾಯಿತು. ನಮ್ಮ ಮನೆಗಳ ನಿಜಸ್ಥಿತಿ ಇಲ್ಲಿದೆ. ಮೊಬೈಲು ಗಂಡಸಿನದು, ಖಾತೆ ಗಂಡಸಿನದು, ಪಾಸ್‌ವರ್ಡ್ ಗಂಡಸಿನದು. ಅಬ್ಬಾನ ಫೋನಿನೊಳಗಿನ ಪುಸ್ತಕವನ್ನು ಹತ್ತನೇ ತರಗತಿಯ ಮಗಳು ಓದಬೇಕಾದರೆ ಫೋನು ಕೇಳಬೇಕು. ಯಾಕೆ ಎಂದು ಹೇಳಬೇಕು. ಹತ್ತು ನಿಮಿಷಕ್ಕೆ ವಾಪಸು ಕೊಡಬೇಕು. ಹಳೆಯ ಮರದ ಕಪಾಟು ಹಾಗಿರಲಿಲ್ಲ. ನಡುಮನೆಯಲ್ಲಿ ನಿಂತಿರುತ್ತಿತ್ತು. ಮಧ್ಯಾಹ್ನ ಎಲ್ಲರೂ ಮಲಗಿದಾಗ ಯಾರು ಯಾವ ಪುಸ್ತಕ ತೆಗೆದರು ಎಂದು ಅದು ಯಾರಿಗೂ ವರದಿ ಒಪ್ಪಿಸುತ್ತಿರಲಿಲ್ಲ. ತ್ರಿವೇಣಿಯವರ ಕಾದಂಬರಿಗಳನ್ನು ನಮ್ಮ ಅಕ್ಕಂದಿರು ಓದಿದ್ದು ಹಾಗೆಯೇ. ಕಂಪನಿಯ ಇ-ಪುಸ್ತಕ ಓದುವವರು ಯಾವ ಪುಟದವರೆಗೆ ಓದಿದ್ದಾರೆ, ಯಾವ ಸಾಲಿಗೆ ಗೆರೆ ಎಳೆದಿದ್ದಾರೆ ಎಂಬುದು ಕಂಪನಿಗೂ ಗೊತ್ತಿರುತ್ತದೆ. ಮನೆಯ ಡ್ರೈವ್ ಮಾತ್ರ ಮತ್ತೆ ನಡುಮನೆಯ ಕಪಾಟಾಗಬಲ್ಲದು. ಮನೆಗೊಂದು ಹಳೆಯ ಟ್ಯಾಬ್ ಇಟ್ಟು ಅದರಲ್ಲಿ ಈ ಕಪಾಟು ತೆರೆಯುವಂತೆ ಮಾಡಿದರೆ ಅಮ್ಮಿಯೂ ಓದಬಹುದು, ಸೊಸೆಯೂ ಓದಬಹುದು. ನಮ್ಮ ವಾದದಲ್ಲಿ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿಲ್ಲ.

ಕಪಾಟು ಕಟ್ಟುವುದಕ್ಕೂ ಒಂದು ಕ್ರಮ ಬೇಕು. ಭಾರತೀಯರಾದ ಕೋವಿದ್ ಗೋಯಲ್ 2006ರಲ್ಲಿ ಬರೆಯಲು ಆರಂಭಿಸಿದ ‘ಕ್ಯಾಲಿಬರ್’ ಎಂಬ ಉಚಿತ ತಂತ್ರಾಂಶ ಇಂದು ಜಗತ್ತಿನಾದ್ಯಂತ ಇ-ಪುಸ್ತಕ ಜೋಡಿಸುವವರ ಕೈಯಲ್ಲಿದೆ. ಲೇಖಕ, ಶೀರ್ಷಿಕೆ, ಭಾಷೆ, ವಿಷಯಗಳ ಪ್ರಕಾರ ಅದು ಪಟ್ಟಿ ಇಡುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಕ್ಯಾಲಿಬರ್ ತನ್ನ ಇಡೀ ಪಟ್ಟಿಯನ್ನು ಒಂದೇ ಕಡತದಲ್ಲಿ ಇಡುತ್ತದೆ. ಆ ಗ್ರಂಥಾಲಯವನ್ನು ನೆಟ್‌ವರ್ಕ್ ಡ್ರೈವ್ ಮೇಲಿಟ್ಟು, ಮನೆಯ ಎರಡು ಮೂರು ಕಂಪ್ಯೂಟರುಗಳಿಂದ ಒಟ್ಟಿಗೆ ತೆರೆದು ತಿದ್ದತೊಡಗಿದರೆ ಪಟ್ಟಿಯೇ ಕೆಟ್ಟುಹೋಗುವ ಅಪಾಯವಿದೆ. ತಂತ್ರಾಂಶದ ಕೈಪಿಡಿಯೇ ಹೀಗೆ ಮಾಡಬೇಡಿ ಎನ್ನುತ್ತದೆ. ಸರಿಯಾದ ದಾರಿ ಎಂದರೆ ಒಂದೇ ಯಂತ್ರದಲ್ಲಿ ಕ್ಯಾಲಿಬರ್ ನಡೆಸಿ, ಅದರೊಳಗೇ ಇರುವ ಸರ್ವರ್ ಸೌಲಭ್ಯದ ಮೂಲಕ ಉಳಿದವರಿಗೆ ಬ್ರೌಸರಿನಲ್ಲಿ ಓದಲು ಬಿಡುವುದು. ಲೈಬ್ರರಿಯನ್ ಒಬ್ಬರಿರಲಿ, ಓದುಗರು ಎಷ್ಟಾದರೂ ಇರಲಿ.

ಪಟ್ಟಿಯ ಮಾತು ಬಂದಾಗ ನಮ್ಮಂಥ ಎರಡು ಭಾಷೆಯ ಮನೆಗಳ ತೊಡಕನ್ನೂ ಹೇಳಬೇಕು. ಮಂಟೋ ಅವರ ಹೆಸರು ಒಂದು ಕಡತದಲ್ಲಿ ಉರ್ದು ಲಿಪಿಯಲ್ಲಿ, ಇನ್ನೊಂದರಲ್ಲಿ ಕನ್ನಡದಲ್ಲಿ, ಮತ್ತೊಂದರಲ್ಲಿ ರೋಮನ್‌ನಲ್ಲಿ ಇದ್ದರೆ ಯಂತ್ರಕ್ಕೆ ಅವರು ಮೂವರು ಲೇಖಕರು. ಇದಕ್ಕಿಂತ ದೊಡ್ಡ ಸಂಕಟ ಹಳೆಯ ಕಡತಗಳದು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದಲ್ಲಿ ನುಡಿ, ಬರಹ, ಶ್ರೀಲಿಪಿ ಎಂದು ಹಲವು ಬಗೆಯ ಅಕ್ಷರ ವಿನ್ಯಾಸಗಳಿದ್ದವು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಉರ್ದು ಮುದ್ರಣಾಲಯಗಳಲ್ಲಿ 1990ರ ದಶಕದಿಂದ ಇನ್‌ಪೇಜ್ ತಂತ್ರಾಂಶದ ರಾಜ್ಯಭಾರ ನಡೆಯಿತು. ಆ ಕಡತಗಳೂ ಬೇರೆ ತಂತ್ರಾಂಶದಲ್ಲಿ ಬಾಯಿ ಬಿಡುವುದಿಲ್ಲ. ಆ ಕಾಲದ ಸಣ್ಣ ಪ್ರಕಾಶಕರ ಎಷ್ಟೋ ಪುಸ್ತಕಗಳು ಡಿಸ್ಕಿನಲ್ಲಿ ಇದ್ದೂ ಇಲ್ಲದಂತಾಗಿವೆ. ಇವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಆ ಫಾಂಟ್‌ಗಳಲ್ಲಿ ಟೈಪ್ ಮಾಡಿದ, ತಪ್ಪು ಕಂಡರೆ ಗುರುತಿಸಬಲ್ಲ ಜನರೂ ಇನ್ನೂ ನಮ್ಮ ನಡುವೆ ಇದ್ದಾರೆ. ಈ ಕೆಲಸವನ್ನು ಅವರ ಮಕ್ಕಳ ಕಾಲಕ್ಕೆ ಬಿಡುವಂತಿಲ್ಲ.

ಪೆಟ್ಟಿಗೆ ತಂದು ಇಟ್ಟ ಮಾತ್ರಕ್ಕೆ ಪುಸ್ತಕ ಉಳಿಯಿತು ಎಂದುಕೊಳ್ಳುವುದು ಮಾತ್ರ ಮೂಢತನ. 2021ರ ಏಪ್ರಿಲ್‌ನಲ್ಲಿ ಮೈಸೂರಿನ ರಾಜೀವನಗರದಲ್ಲಿ ಕೂಲಿ ಮಾಡಿ ಬದುಕುವ ನಮ್ಮ ಹಿರಿಯರೊಬ್ಬರು ಕಟ್ಟಿದ್ದ ಗ್ರಂಥಾಲಯ ಬೆಂಕಿಗೆ ಆಹುತಿಯಾಯಿತು. ತಾವು ಓದಲಾರದ್ದನ್ನು ಬಡಾವಣೆಯ ಮಕ್ಕಳಾದರೂ ಓದಲಿ ಎಂದು ಕೂಡಿಸಿದ್ದ ಸುಮಾರು 11,000 ಪುಸ್ತಕಗಳು, ಅವುಗಳಲ್ಲಿ ಹೆಚ್ಚಿನವು ಕನ್ನಡದವು, ಒಂದು ಬೆಳಗಿನ ಜಾವ ಬೂದಿಯಾದವು. ನಾಡಿನ ಜನ ಅವರಿಗಾಗಿ ಮರುಗಿದರು, ನೆರವಿನ ಮಾತನಾಡಿದರು. ಆ ಬೆಂಕಿ ಕಲಿಸಿದ ಪಾಠವನ್ನು ಮಾತ್ರ ನಾವು ಕಲಿಯಲಿಲ್ಲ. ಒಂದೇ ಜಾಗದಲ್ಲಿ ಒಂದೇ ಪ್ರತಿ ಇರುವ ಪುಸ್ತಕ, ಕಾಗದದ್ದಾದರೂ ಸರಿ, ಡಿಸ್ಕಿನದ್ದಾದರೂ ಸರಿ, ನಾಳೆಯವರೆಗೆ ಬದುಕುವ ಭರವಸೆಯಿಲ್ಲ.

ಎರಡು ಡಿಸ್ಕಿರುವ ಪೆಟ್ಟಿಗೆಯಲ್ಲಿ ಒಂದರ ಪ್ರತಿಬಿಂಬ ಇನ್ನೊಂದರಲ್ಲಿ ಇರುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಿಜ, ಒಂದು ಡಿಸ್ಕು ಸತ್ತರೆ ಇನ್ನೊಂದು ಕಾಯುತ್ತದೆ. ಆದರೆ ಕೈತಪ್ಪಿ ಒಂದು ಕಡತ ಅಳಿಸಿದರೆ ಪ್ರತಿಬಿಂಬದಲ್ಲೂ ಅದು ಆ ಕ್ಷಣವೇ ಅಳಿಯುತ್ತದೆ. ಸಿಡಿಲು ಬಡಿದರೆ, ಕಳ್ಳ ಹೊತ್ತೊಯ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಆದ್ದರಿಂದ ತಿಳಿದವರು ಹೇಳುವ ಲೆಕ್ಕ ಮೂರು, ಎರಡು, ಒಂದು: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಮನೆಯಿಂದ ಹೊರಗೆ. ಮೂರನೆಯದನ್ನು ಒಂದು ಹೊರ ಡಿಸ್ಕಿನಲ್ಲಿ ಹಾಕಿ ತಂಗಿಯ ಮನೆಯಲ್ಲಿ ಇಡಿ. ಹಬ್ಬಕ್ಕೆ ಹೋದಾಗ ಹೊಸದನ್ನು ಸೇರಿಸಿ ಬನ್ನಿ. ಕರೆಂಟು ಹೋಗಿ ಬರುವ ನಮ್ಮ ಊರುಗಳಲ್ಲಿ ಸಣ್ಣದೊಂದು ಯುಪಿಎಸ್ ಇಲ್ಲದೆ ಇಂಥ ಪೆಟ್ಟಿಗೆ ಇಡುವುದು ಸರಿಯಲ್ಲ. ಮುಖ್ಯವಾಗಿ, ಊರ ಹೊರಗಿನಿಂದಲೂ ತೆರೆಯಬಹುದು ಎಂಬ ಆಮಿಷಕ್ಕೆ ಬಿದ್ದು ಅದನ್ನು ಇಂಟರ್‌ನೆಟ್ಟಿಗೆ ಬಿಚ್ಚಿಡಬೇಡಿ. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ‘ಮೈ ಬುಕ್ ಲೈವ್’ ಎಂಬ ಮನೆಬಳಕೆಯ ನೆಟ್‌ವರ್ಕ್ ಡ್ರೈವ್‌ಗಳಲ್ಲಿ ಬಹಳಷ್ಟು ಹೀಗೆ ಹೊರಗಿನ ದಾಳಿಗೆ ಸಿಕ್ಕಿ ಒಮ್ಮೆಲೇ ಬರಿದಾದವು. ಅವುಗಳ ತಂತ್ರಾಂಶದ ದುರಸ್ತಿಯನ್ನು ಕಂಪನಿ 2015ರಲ್ಲೇ ನಿಲ್ಲಿಸಿತ್ತು. ಕಂಪನಿಯ ಕಪಾಟನ್ನು ತೊರೆದು ಬಂದವರು ಇನ್ನೊಂದು ಕಂಪನಿಯ ಪೆಟ್ಟಿಗೆಯನ್ನು ಕಣ್ಣುಮುಚ್ಚಿ ನಂಬಿದರೆ ಬಂದ ದಾರಿಗೆ ಅರ್ಥವೇನು?

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯವರಿಗೂ ನಾಲ್ಕು ಮಾತು ಹೇಳದಿದ್ದರೆ ಅನ್ಯಾಯವಾದೀತು. ಇ-ಗ್ರಂಥಾಲಯ ಎಂಬ ಹೆಸರಿನಲ್ಲಿ ಕಳವಿನ ಮಾಲಿನ ಗೋದಾಮು ಕಟ್ಟುವವರ ಸಂಖ್ಯೆ ದೊಡ್ಡದು. ನಿನ್ನೆ ಬಿಡುಗಡೆಯಾದ ಕನ್ನಡ ಕಾದಂಬರಿ ಇಂದು ವಾಟ್ಸಾಪ್ ಗುಂಪುಗಳಲ್ಲಿ ಪಿಡಿಎಫ್ ಆಗಿ ಸುತ್ತುತ್ತದೆ. ‘ಸಾಹಿತ್ಯ ಸೇವೆ’ ಎಂದು ಅದಕ್ಕೆ ಕೈಮುಗಿದ ಚಿತ್ರ ಬೇರೆ! ಕನ್ನಡದ ಕಥಾಸಂಕಲನವೊಂದು ಸಾವಿರ ಪ್ರತಿ ಅಚ್ಚಾದರೆ ದೊಡ್ಡ ಮಾತು. ಆ ಸಾವಿರ ಮಾರಲು ಪ್ರಕಾಶಕನಿಗೆ ವರ್ಷಗಳು ಬೇಕು. ಆ ಪುಸ್ತಕವನ್ನು ಒಬ್ಬನು ಸ್ಕ್ಯಾನ್ ಮಾಡಿ ಐನೂರು ಜನರಿಗೆ ಹಂಚಿದರೆ ಅದು ಅಮೆರಿಕದ ಕಂಪನಿಯ ವಿರುದ್ಧದ ಬಂಡಾಯವಾಗುವುದಿಲ್ಲ. ಮೊದಲೇ ಸಾಲ ಮಾಡಿರುವ ಸಣ್ಣ ಪ್ರಕಾಶಕನ ಹೊಟ್ಟೆಯ ಮೇಲೆ ಹೊಡೆತ ಬೀಳುತ್ತದೆ, ಅಷ್ಟೆ. ಇಂಥವರ ಡ್ರೈವ್‌ಗಳಲ್ಲಿ ನಲವತ್ತು ಸಾವಿರ ಪುಸ್ತಕಗಳಿರುತ್ತವೆ. ಓದಿದವು ನಾಲ್ಕೂ ಇರುವುದಿಲ್ಲ. ಅದು ಪುಸ್ತಕಪ್ರೇಮವಾಗದೆ ದಾಸ್ತಾನಿನ ಚಟವಾಗಿದೆ.

ಕಾನೂನಿನ ಒಳಗೇ ನಮಗೆ ಬೇಕಾದಷ್ಟು ಜಾಗವಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಲೇಖಕ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಕಳೆದರೆ ಅವರ ಕೃತಿಗಳು ಎಲ್ಲರ ಸೊತ್ತು. ಪಂಜೆ ಮಂಗೇಶರಾಯರು, ಪ್ರೇಮ್‌ಚಂದ್, ಇಕ್ಬಾಲ್ ಎಂದೋ ನಮ್ಮವರಾದರು. 1955ರಲ್ಲಿ ತೀರಿಕೊಂಡ ಮಂಟೋ 2016ರಲ್ಲಿ ನಮ್ಮವರಾದರು. 1963ರಲ್ಲಿ ತೀರಿಕೊಂಡ ತ್ರಿವೇಣಿ ಮತ್ತು ಮಂಜೇಶ್ವರದ ಗೋವಿಂದ ಪೈಗಳು 2024ರ ಜನವರಿ 1ರಿಂದ ನಮ್ಮವರು. ಪ್ರತಿ ಹೊಸ ವರ್ಷವೂ ಹೀಗೆ ಒಂದಷ್ಟು ಪುಸ್ತಕಗಳನ್ನು ನಮ್ಮ ಬಾಗಿಲಿಗೆ ತರುತ್ತದೆ. ಹಕ್ಕು ಉಳಿದಿರುವ ಪುಸ್ತಕಗಳಲ್ಲೂ ಸ್ವಂತ ಖಾಸಗಿ ಬಳಕೆಗೆ, ಸಂಶೋಧನೆಗೆ ನ್ಯಾಯವಾದ ರೀತಿಯಲ್ಲಿ ಉಪಯೋಗಿಸಿಕೊಳ್ಳಲು ಅದೇ ಕಾಯಿದೆಯ 52ನೇ ಕಲಮು ಅವಕಾಶ ಕೊಟ್ಟಿದೆ. ಕಣ್ಣು ಕಾಣದವರಿಗಾಗಿ ಓದಬಲ್ಲ, ಕೇಳಬಲ್ಲ ರೂಪಕ್ಕೆ ತರಲು 2012ರ ತಿದ್ದುಪಡಿ ದಾರಿ ಮಾಡಿದೆ. ಅದೇ ತಿದ್ದುಪಡಿಯು ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆಯುವವರಿಗೆ ಎರಡು ವರ್ಷದವರೆಗೆ ಸೆರೆವಾಸವನ್ನೂ ಇಟ್ಟಿದೆ. ಎರಡನ್ನೂ ಓದಿಕೊಂಡೇ ನಾವು ಕಪಾಟು ಕಟ್ಟಬೇಕು.

ಪ್ರಕಾಶಕರಿಗೆ ನಮ್ಮ ಒತ್ತಾಯ ಇಷ್ಟೆ. ನಿಮ್ಮ ಪುಸ್ತಕವನ್ನು ಬೀಗವಿಲ್ಲದ ಇ-ಪಬ್ ರೂಪದಲ್ಲಿ ನಮಗೆ ನೇರವಾಗಿ ಮಾರಿ. ಬೇಕಿದ್ದರೆ ಕೊಂಡವರ ಹೆಸರನ್ನು ಮೊದಲ ಪುಟದಲ್ಲಿ ಅಚ್ಚು ಮಾಡಿ. ಹೆಸರಿದ್ದ ಪುಸ್ತಕವನ್ನು ಊರಿಗೆಲ್ಲ ಹಂಚಲು ಮಾನವಂತರು ಹಿಂಜರಿಯುತ್ತಾರೆ. ಬೀಗ ಹಾಕಿದರೆ ಕಳ್ಳತನ ನಿಲ್ಲುತ್ತದೆ ಎಂಬ ನಿಮ್ಮ ನಂಬಿಕೆ ಹುಸಿ. ಕಳ್ಳನು ಅಚ್ಚಾದ ಪುಸ್ತಕವನ್ನೇ ಸ್ಕ್ಯಾನ್ ಮಾಡುತ್ತಾನೆ. ಬೀಗದ ತೊಂದರೆಯೆಲ್ಲ ದುಡ್ಡು ಕೊಟ್ಟ ಓದುಗನಿಗೇ.

ಸರಕಾರದ ಗ್ರಂಥಾಲಯಗಳು ಏನು ಮಾಡುತ್ತಿವೆ ಎಂದು ಕೇಳುವ ಹಕ್ಕೂ ನಮಗಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂದಾಗಿನಿಂದ ಮನೆ ಕಂದಾಯದೊಂದಿಗೆ ಗ್ರಂಥಾಲಯ ಕರವನ್ನೂ ತೆರುತ್ತಿದ್ದೇವೆ. ಊರಿನ ಗ್ರಂಥಾಲಯದಲ್ಲಿ ಇಂಥದೊಂದು ಡ್ರೈವ್ ಇಟ್ಟು, ಹಕ್ಕು ಮುಗಿದ ಕನ್ನಡ ಮತ್ತು ಉರ್ದು ಪುಸ್ತಕಗಳನ್ನು ತುಂಬಿ, ಬಂದ ಓದುಗ ತನ್ನ ಮೊಬೈಲಿಗೆ ಇಳಿಸಿಕೊಂಡು ಹೋಗುವಂತೆ ಮಾಡುವುದು ಕೋಟಿಗಳ ಯೋಜನೆಯಲ್ಲ. ಟೆಂಡರು ಕರೆದು ಉದ್ಘಾಟನೆ ಮಾಡಲು ಅದರಲ್ಲಿ ಏನೂ ಇಲ್ಲವೆಂಬುದೇ ಬಹುಶಃ ಅದರ ದೋಷ. ಸರಕಾರ ಮಾಡುವವರೆಗೆ ನಮ್ಮ ಮೊಹಲ್ಲಾದ ಸಂಘಗಳು, ಅಂಜುಮನ್‌ಗಳು ಕೈಕಟ್ಟಿ ಕೂರಬೇಕಿಲ್ಲ. ವಾರ್ಷಿಕೋತ್ಸವದ ಒಂದು ಶಾಮಿಯಾನದ ಖರ್ಚಿನಲ್ಲಿ ಈ ಕೆಲಸ ಆಗಿಹೋಗುತ್ತದೆ.

ಕಪಾಟಿನ ಒಡೆತನ ಕೈ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ದೊಡ್ಡ ಸಾಕ್ಷಿ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನನ ಗ್ರಂಥಾಲಯದಲ್ಲಿ ಸುಮಾರು ಎರಡು ಸಾವಿರ ಹಸ್ತಪ್ರತಿಗಳಿದ್ದವು. ಅರಬ್ಬಿ, ಫಾರಸಿ, ದಖನಿ ಭಾಷೆಗಳ ಆ ಸಂಗ್ರಹ ಗೆದ್ದವರ ಸೊತ್ತಾಯಿತು. ಬಹುಪಾಲು ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿಗೆ ಹೋಯಿತು. ಕೆಲವು ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಿಗೂ ಲಂಡನ್ನಿನ ಕಂಪನಿಯ ಭಂಡಾರಕ್ಕೂ ಸೇರಿದವು. ಚಾರ್ಲ್ಸ್ ಸ್ಟುವರ್ಟ್ ಎಂಬವರು 1809ರಲ್ಲಿ ಅದರ ಪಟ್ಟಿಯನ್ನು ಅಚ್ಚು ಹಾಕಿಸಿದರು. ಮೈಸೂರಿನ ಜನರ ಪಾಲಿಗೆ ಉಳಿದದ್ದು ಆ ಪಟ್ಟಿ ಮಾತ್ರ. ಅಂದು ಒಯ್ದದ್ದೂ ಒಂದು ಕಂಪನಿಯೇ. ಅದು ಫಿರಂಗಿ ಹೊತ್ತು ಬಂದಿತ್ತು. ಇಂದಿನ ಕಂಪನಿಗಳಿಗೆ ಆ ಕಷ್ಟವೂ ಇಲ್ಲ. ನಾವು ಓದದೆ ‘ಒಪ್ಪಿದೆ’ ಎಂದು ಒತ್ತುವ ಗುಂಡಿಯೇ ಸಾಕು.

ಆದ್ದರಿಂದ ಓದುಗರಲ್ಲಿ ನಮ್ಮ ವಿನಂತಿ ದೊಡ್ಡದೇನೂ ಅಲ್ಲ. ನಲವತ್ತು ಸಾವಿರ ಪುಸ್ತಕ ಬೇಡ. ನಿಮ್ಮ ಮನೆಯವರು ನಿಜಕ್ಕೂ ಓದುವ, ಓದಬೇಕೆಂದು ನೀವು ಬಯಸುವ ಇನ್ನೂರು ಪುಸ್ತಕಗಳ ಪಟ್ಟಿ ಮಾಡಿ. ಹಕ್ಕು ಮುಗಿದವನ್ನು ಆರ್ಕೈವ್‌ನಿಂದ ಇಳಿಸಿಕೊಳ್ಳಿ. ಬೀಗವಿಲ್ಲದೆ ಮಾರುವವರಿಂದ ಹೊಸದನ್ನು ದುಡ್ಡು ಕೊಟ್ಟು ಕೊಳ್ಳಿ. ಊರಿನ ಶಾಲಾ ಮಾಸ್ತರರು, ಮಸೀದಿಯ ಪಕ್ಕದ ಹಕೀಮರು ತಾವೇ ಖರ್ಚು ಮಾಡಿ ಅಚ್ಚು ಹಾಕಿಸಿದ, ಬೇರೆಲ್ಲೂ ಸಿಗದ ಸಣ್ಣ ಪುಸ್ತಕಗಳನ್ನು ಅವರ ಇಲ್ಲವೆ ಅವರ ಮಕ್ಕಳ ಒಪ್ಪಿಗೆ ಪಡೆದು ಸ್ಕ್ಯಾನ್ ಮಾಡಿ. ಅವು ಯಾವ ಕಂಪನಿಯ ಪಟ್ಟಿಗೂ ಎಂದೂ ಬರುವುದಿಲ್ಲ. ನಮ್ಮ ಡ್ರೈವಿನಲ್ಲಿ ಇಲ್ಲದಿದ್ದರೆ ಅವು ಎಲ್ಲಿಯೂ ಇರುವುದಿಲ್ಲ. ಕಡತದ ಹೆಸರನ್ನು ಕನ್ನಡದಲ್ಲೋ ಉರ್ದುವಿನಲ್ಲೋ ಸರಿಯಾಗಿ ಬರೆಯಿರಿ. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಮನೆಪತ್ರಗಳ ಜೊತೆಗಿಡಿ. ಅದು ಎಲ್ಲಿದೆ ಎಂದು ಹೆಂಡತಿಗೂ ಮಗಳಿಗೂ ಹೇಳಿಡಿ.